ಮೂಳೆಯ ಹುಟ್ಟು, ಪ್ರೋಟೀನಿನ ಆಯಸ್ಸು

1997ರಲ್ಲಿ ಜಪಾನಿನ ತೊಶಿಹಿಸ ಕೊಮೊರಿ ಮತ್ತು ಸಂಗಡಿಗರು ಒಂದೇ ಒಂದು ವಂಶವಾಹಿಯನ್ನು ಕೆಲಸ ಮಾಡದಂತೆ ಮಾಡಿ ಇಲಿಮರಿಗಳನ್ನು ಹುಟ್ಟಿಸಿದರು. ಮರಿಗಳಿಗೆ ಕೈಕಾಲು, ಬೆನ್ನು, ಪಕ್ಕೆಲುಬುಗಳ ಆಕಾರವೆಲ್ಲ ಬಹುಮಟ್ಟಿಗೆ ಸರಿಯಾಗಿಯೇ ಬಂದಿತ್ತು. ಆದರೆ ಅದೆಲ್ಲ ಮೃದ್ವಸ್ಥಿ. ಮೂಳೆ ಎನ್ನುವುದು ಮೈಯಲ್ಲಿ ಎಲ್ಲಿಯೂ ಇರಲಿಲ್ಲ. ಪಕ್ಕೆಲುಬಿಗೆ ಬಿಗಿ ಇಲ್ಲದೆ ಉಸಿರಾಡಲು ಆಗದ ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು. ಆ ವಂಶವಾಹಿಯನ್ನು ಈಗ ರಂಕ್ಸ್-2 ಎಂದು ಕರೆಯುತ್ತಾರೆ. ಅದರಿಂದ ತಯಾರಾಗುವ ಪ್ರೋಟೀನು ಜೀವಕೋಶದ ನ್ಯೂಕ್ಲಿಯಸ್‌ನೊಳಗೆ ಕೆಲಸ ಮಾಡುತ್ತ, ಮೂಳೆ ಕಟ್ಟಲು ಬೇಕಾದ ಉಳಿದ ವಂಶವಾಹಿಗಳನ್ನು ಎಬ್ಬಿಸುತ್ತದೆ.

ಮನುಷ್ಯರಲ್ಲಿ ರಂಕ್ಸ್-2ರ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟು ಇನ್ನೊಂದು ಚೆನ್ನಾಗಿದ್ದರೂ ತೊಂದರೆ ತಪ್ಪುವುದಿಲ್ಲ. ಅಂಥವರಿಗೆ ಕೊರಳ ಮೂಳೆ ಪೂರ್ತಿ ಬೆಳೆಯುವುದಿಲ್ಲ, ಕೆಲವರಿಗೆ ಇರುವುದೇ ಇಲ್ಲ. ಎರಡು ಭುಜಗಳನ್ನೂ ಎದೆಯ ಮುಂದೆ ಹತ್ತಿರ ತರಬಲ್ಲರು. ಮಗುವಿನ ನೆತ್ತಿ ಕೂಡಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಕ್ಲೈಡೊಕ್ರೇನಿಯಲ್ ಡಿಸ್‌ಪ್ಲೇಸಿಯಾ ಎಂಬ ಈ ಕಾಯಿಲೆಯಿಂದ ತಿಳಿಯುವುದೇನೆಂದರೆ, ಈ ಪ್ರೋಟೀನು ಇದೆಯೋ ಇಲ್ಲವೋ ಎಂದು ನೋಡಿದರೆ ಸಾಲದು, ಎಷ್ಟಿದೆ ಎಂದೂ ನೋಡಬೇಕು. ಅರ್ಧ ಪ್ರಮಾಣದಿಂದ ಮೂಳೆಯ ಕೆಲಸ ಸಾಗದು.

ಪ್ರಮಾಣವನ್ನು ನಿರ್ಧರಿಸುವವರು ಯಾರು? ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಎನ್ನುವುದಕ್ಕೆ ಹಳ್ಳದಿಂದ ಬರುವ ನೀರು ಎಷ್ಟು ಕಾರಣವೋ ತೂಬಿನಿಂದ ಹೊರಗೆ ಹೋಗುವ ನೀರೂ ಅಷ್ಟೇ ಕಾರಣ. ಜೀವಕೋಶದಲ್ಲಿ ಪ್ರೋಟೀನಿನ ಲೆಕ್ಕವೂ ಹೀಗೆಯೇ. ಮೂಳೆಯ ಆರೋಗ್ಯ ಎಂದ ಕೂಡಲೇ ನಾವು ಕ್ಯಾಲ್ಸಿಯಂ, ವಿಟಮಿನ್ ಡಿ, ಹಾಲು, ರಾಗಿ ಎಂದು ಸೇರಿಸುವ ಮಾತನ್ನೇ ಆಡುತ್ತೇವೆ. ಅದು ತಪ್ಪಲ್ಲ. ಆದರೆ ಕಳೆದ ಎರಡು ದಶಕಗಳ ಸಂಶೋಧನೆಯನ್ನು ಒಟ್ಟಾಗಿ ಇಟ್ಟು ನೋಡಿದರೆ, ಮೂಳೆಮಜ್ಜೆಯ ಕಾಂಡಕೋಶವೊಂದು ಮೂಳೆಯ ದಾರಿ ಹಿಡಿಯುತ್ತದೋ ಇಲ್ಲವೋ ಎಂಬುದು ಬಹುಪಾಲು ಕೆಲವೇ ಪ್ರೋಟೀನುಗಳು ಒಡೆದುಹೋಗುವ ವೇಗದ ಮೇಲೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ. ಈ ಲೇಖನದ ವಿಷಯ ಆ ಒಡೆಯುವಿಕೆ.

ಮೊದಲು ಕಾಂಡಕೋಶಗಳ, ಅಂದರೆ ಸ್ಟೆಮ್ ಸೆಲ್‌ಗಳ, ಬಗ್ಗೆ ಎರಡು ಮಾತು. ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960 ಮತ್ತು 70ರ ದಶಕಗಳಲ್ಲಿ, ಮೂಳೆಮಜ್ಜೆಯಲ್ಲಿ ರಕ್ತ ತಯಾರಿಸುವ ಕೋಶಗಳಲ್ಲದೆ ಗಾಜಿಗೆ ಅಂಟಿಕೊಂಡು ಬೆಳೆಯುವ ಇನ್ನೊಂದು ಬಗೆಯ ಕೋಶಗಳಿವೆ, ಅವುಗಳನ್ನು ಪ್ರಾಣಿಯ ಮೈಯೊಳಗೆ ಬೇರೆಡೆ ನೆಟ್ಟರೆ ಅಲ್ಲಿ ಮೂಳೆ ಹುಟ್ಟುತ್ತದೆ ಎಂದು ತೋರಿಸಿದರು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲಾನ್ ಅವುಗಳಿಗೆ ಮೆಸೆಂಕೈಮಲ್ ಕಾಂಡಕೋಶ ಎಂಬ ಹೆಸರು ಕೊಟ್ಟರು. ಪ್ರಯೋಗಾಲಯದ ತಟ್ಟೆಯಲ್ಲಿ ಇವು ಮೂಳೆ, ಮೃದ್ವಸ್ಥಿ, ಕೊಬ್ಬು ಮೂರೂ ಆಗಬಲ್ಲವು. ಮೈಯೊಳಗಿನ ಕಥೆ ಇಷ್ಟು ಸರಳವಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಗುರುತಿಸಿದ ಮನುಷ್ಯರ ಅಸ್ಥಿಪಂಜರದ ಕಾಂಡಕೋಶ ಮೂಳೆ, ಮೃದ್ವಸ್ಥಿಗಳನ್ನು ಕೊಡುತ್ತದೆ, ಕೊಬ್ಬನ್ನು ಕೊಡುವುದಿಲ್ಲ. ಅಂದರೆ ಒಂದೇ ಹೆಸರಿನಡಿ ಹಲವು ಬಗೆಯ ಕೋಶಗಳು ಸೇರಿಕೊಂಡಿವೆ. ಮುಂದೆ ಬರುವ ಹೆಚ್ಚಿನ ಪ್ರಯೋಗಗಳು ನಡೆದಿರುವುದು ಈ ಮಿಶ್ರ ಗುಂಪಿನ ಮೇಲೆ; ಅವುಗಳ ಫಲಿತಾಂಶವನ್ನು ಓದುವಾಗ ಇದು ನೆನಪಿರಲಿ.

ಆದರೂ ಮಜ್ಜೆಯಲ್ಲಿ ಮೂಳೆಗೂ ಕೊಬ್ಬಿಗೂ ಪೈಪೋಟಿ ಇದೆ ಎನ್ನುವುದು ನಿಜ. ವಯಸ್ಸಾದಂತೆ ಮೂಳೆ ತೆಳುವಾಗುತ್ತದೆ, ಅದರೊಳಗಿನ ಮಜ್ಜೆಯಲ್ಲಿ ಕೊಬ್ಬು ತುಂಬುತ್ತದೆ. ರಂಕ್ಸ್-2 ಮೂಳೆಯ ಕಡೆಗೆ ಎಳೆದರೆ ಪಿಪಿಎಆರ್-ಗಾಮಾ ಎಂಬ ಪ್ರೋಟೀನು ಕೊಬ್ಬಿನ ಕಡೆಗೆ ಎಳೆಯುತ್ತದೆ. ಸಕ್ಕರೆ ಕಾಯಿಲೆಯ ಔಷಧ ರೋಸಿಗ್ಲಿಟಜೋನ್ ಈ ಎರಡನೆಯ ಪ್ರೋಟೀನನ್ನೇ ಚುರುಕುಗೊಳಿಸುತ್ತದೆ. ಅದನ್ನು ಸೇವಿಸಿದ ಮಹಿಳೆಯರಲ್ಲಿ ಮೂಳೆ ಮುರಿತ ಹೆಚ್ಚಾದದ್ದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಕಂಡುಬಂತು. ಅದೇ ಗುಂಪಿನ ಪಯೋಗ್ಲಿಟಜೋನ್ ನಮ್ಮಲ್ಲಿ ಇಂದಿಗೂ ಬಳಕೆಯಲ್ಲಿದೆ.

ಈಗ ಒಡೆಯುವ ಯಂತ್ರದ ಕಡೆಗೆ ಬರೋಣ. ಜೀವಕೋಶದಲ್ಲಿ ಮುಖ್ಯವಾಗಿ ಎರಡು ವ್ಯವಸ್ಥೆಗಳಿವೆ. ಒಂದು ಪ್ರೋಟಿಯಾಸೋಮ್, ಇನ್ನೊಂದು ಲೈಸೋಸೋಮ್. ಪ್ರೋಟಿಯಾಸೋಮ್ ಎದುರಿಗೆ ಬಂದದ್ದನ್ನೆಲ್ಲ ಒಡೆಯುವುದಿಲ್ಲ. ಒಡೆಯಬೇಕಾದ ಪ್ರೋಟೀನಿಗೆ ಮೊದಲು 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಸರಪಳಿಯಂತೆ ಜೋಡಿಸಬೇಕು. ಆ ಸರಪಳಿಯನ್ನು ಗುರುತಿಸಿಯೇ ಪ್ರೋಟಿಯಾಸೋಮ್ ಅದನ್ನು ಒಳಗೆಳೆದು ತುಂಡರಿಸುತ್ತದೆ. ಇದನ್ನು ಬಿಡಿಸಿ ಹೇಳಿದ ಆರನ್ ಚೆಹಾನೊವರ್, ಅವ್ರಾಮ್ ಹೆರ್ಷ್ಕೊ, ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಯುಬಿಕ್ವಿಟಿನ್ ಜೋಡಣೆ ಮೂರು ಹಂತದ ಕೆಲಸ. ಯಾವ ಪ್ರೋಟೀನಿಗೆ ಜೋಡಿಸಬೇಕು ಎಂದು ಆರಿಸುವುದು ಕೊನೆಯ ಹಂತದ ಕಿಣ್ವ, ಇ3 ಲೈಗೇಸ್. ಮನುಷ್ಯರಲ್ಲಿ ಇಂಥ ಲೈಗೇಸ್‌ಗಳು ಸುಮಾರು 600 ಇವೆ. ಜೋಡಿಸಿದ್ದನ್ನು ಬಿಡಿಸುವ ಕಿಣ್ವಗಳು ಸುಮಾರು 100. ಒಂದೊಂದು ಪ್ರೋಟೀನಿನ ಆಯಸ್ಸನ್ನೂ ಬೇರೆಬೇರೆಯಾಗಿ ನಿಯಂತ್ರಿಸಲು ಸಾಧ್ಯವಾಗಿರುವುದು ಇಷ್ಟೊಂದು ಕಿಣ್ವಗಳು ಇರುವುದರಿಂದಲೇ.

ಮೂಳೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದ ಇ3 ಲೈಗೇಸ್ ಸ್ಮರ್ಫ್-1. ಅದರ ಹಿನ್ನೆಲೆ ತಿಳಿಯಲು 1965ಕ್ಕೆ ಹೋಗಬೇಕು. ಆ ವರ್ಷ ಲಾಸ್ ಏಂಜಲೀಸ್‌ನ ಮಾರ್ಷಲ್ ಯೂರಿಸ್ಟ್, ಖನಿಜಾಂಶ ತೆಗೆದ ಮೂಳೆಯ ಚೂರನ್ನು ಸ್ನಾಯುವಿನೊಳಗೆ ಇಟ್ಟರೆ ಅಲ್ಲಿ ಹೊಸ ಮೂಳೆ ಬೆಳೆಯುತ್ತದೆ ಎಂದು ತೋರಿಸಿದ್ದರು. ಆ ಚೂರಿನಲ್ಲಿದ್ದ ಪ್ರೇರಕ ಪ್ರೋಟೀನುಗಳೇ ಬಿಎಂಪಿಗಳು. ಬಿಎಂಪಿಯ ಸಂದೇಶವನ್ನು ಕೋಶದೊಳಗೆ ಹೊತ್ತೊಯ್ಯುವವು ಸ್ಮ್ಯಾಡ್ ಪ್ರೋಟೀನುಗಳು. ಈ ಸ್ಮ್ಯಾಡ್‌ಗಳನ್ನು ಹಿಡಿದು ಒಡೆಯಲು ಕಳುಹಿಸುವ ಕಿಣ್ವವಾಗಿ ಸ್ಮರ್ಫ್-1 ಪತ್ತೆಯಾದದ್ದು 1999ರಲ್ಲಿ. ಅದು ರಂಕ್ಸ್-2ನ್ನೂ ಒಡೆಯಲು ಕಳುಹಿಸುತ್ತದೆ ಎಂದು 2003ರಲ್ಲಿ ಗೊತ್ತಾಯಿತು. ಸಂದೇಶವಾಹಕವನ್ನೂ ಅದರ ಮಾತು ಕೇಳಬೇಕಾದ ಮುಖ್ಯ ಪ್ರೋಟೀನನ್ನೂ ಒಂದೇ ಕಿಣ್ವ ಅಳಿಸುತ್ತದೆ ಎಂದ ಮೇಲೆ, ಅದನ್ನು ತೆಗೆದರೆ ಮೂಳೆ ಹೆಚ್ಚಬೇಕಲ್ಲವೇ?

ಹೆಚ್ಚಿತು. 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಮರ್ಫ್-1 ಇಲ್ಲದ ಇಲಿಗಳು ಆರೋಗ್ಯವಾಗಿಯೇ ಹುಟ್ಟಿದವು. ವಯಸ್ಸಾದಂತೆ ಅವುಗಳ ಮೂಳೆ ಸವೆಯುವ ಬದಲು ದಪ್ಪವಾಗುತ್ತ ಹೋಯಿತು. ಆದರೆ ಕಾರಣ ಹುಡುಕಿದಾಗ ನಿರೀಕ್ಷೆ ಬುಡಮೇಲಾಯಿತು. ಆ ಇಲಿಗಳ ಮೂಳೆಕೋಶಗಳಲ್ಲಿ ಸ್ಮ್ಯಾಡ್‌ಗಳಾಗಲಿ ರಂಕ್ಸ್-2 ಆಗಲಿ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಒಡೆಯದೆ ಉಳಿದುಕೊಂಡದ್ದು ಎಂಇಕೆಕೆ-2 ಎಂಬ ಬೇರೆಯೇ ಪ್ರೋಟೀನು. ಮರುವರ್ಷ ಬಂದ ಶ್ನುರಿ-3 ಎಂಬ ಪ್ರೋಟೀನಿನ ಕಥೆಯೂ ಇದೇ ದಾರಿ ಹಿಡಿಯಿತು. ಸಂಶೋಧಕಿ ಲಾರಿ ಗ್ಲಿಮ್ಚರ್ ಅವರ ಗುಂಪು ಈ ಪ್ರೋಟೀನನ್ನು ತೆಗೆದ ಇಲಿಗಳಲ್ಲಿ ಮಜ್ಜೆಯ ಜಾಗವನ್ನೂ ಆಕ್ರಮಿಸುವಷ್ಟು ಮೂಳೆ ಬೆಳೆದದ್ದನ್ನು ಕಂಡಿತು. ಶ್ನುರಿ-3, ಡಬ್ಲ್ಯುಡಬ್ಲ್ಯುಪಿ-1 ಎಂಬ ಇನ್ನೊಂದು ಲೈಗೇಸನ್ನು ರಂಕ್ಸ್-2ರ ಹತ್ತಿರಕ್ಕೆ ತಂದು ಅದನ್ನು ಒಡೆಸುತ್ತದೆ ಎಂಬುದು ಆಗಿನ ವಿವರಣೆ. 2013ರ ಹೊತ್ತಿಗೆ ವಿವರಣೆಯ ಒತ್ತು ಇಆರ್‌ಕೆ ಎಂಬ ಬೇರೊಂದು ಸಂಕೇತ ಮಾರ್ಗದತ್ತ ಸರಿಯಿತು.

ಇದರಿಂದ ಹಿಂದಿನ ಕೆಲಸ ಸುಳ್ಳಾಯಿತು ಎಂದು ನಾನು ಭಾವಿಸುವುದಿಲ್ಲ. ತಟ್ಟೆಯಲ್ಲಿ ಬೆಳೆದ ಕೋಶಕ್ಕೆ ಲೈಗೇಸನ್ನು ಅಳತೆ ಮೀರಿ ತುಂಬಿದರೆ ಅದು ಹತ್ತಾರು ಪ್ರೋಟೀನುಗಳ ಮೇಲೆ ಕೈಯಾಡಿಸುತ್ತದೆ. ಬದುಕಿರುವ ಪ್ರಾಣಿಯಲ್ಲಿ, ಯಾವ ಕೋಶ, ಯಾವ ವಯಸ್ಸು, ಆರೋಗ್ಯವೋ ಕಾಯಿಲೆಯೋ ಎನ್ನುವುದರ ಮೇಲೆ ಅದರ ಗುರಿ ಬದಲಾಗುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ಉರಿಯೂತ. ರೂಮಟಾಯ್ಡ್ ಆರ್ಥ್ರೈಟಿಸ್ ಇರುವವರಿಗೆ ಕೀಲು ಹಾಳಾಗುವುದಲ್ಲದೆ ಇಡೀ ಅಸ್ಥಿಪಂಜರವೇ ತೆಳುವಾಗುತ್ತದೆ. ಅವರ ಮೈಯಲ್ಲಿ ಹೆಚ್ಚಾಗುವ ಟಿಎನ್ಎಫ್ ಎಂಬ ರಾಸಾಯನಿಕ, ಸ್ಮರ್ಫ್-1ನ್ನು ಹೆಚ್ಚಿಸಿ ಸ್ಮ್ಯಾಡ್ ಮತ್ತು ರಂಕ್ಸ್-2 ಎರಡನ್ನೂ ಒಡೆಸುತ್ತದೆ ಎಂದು ರೋಚೆಸ್ಟರ್ ವಿಶ್ವವಿದ್ಯಾಲಯದ ಲಿಯಾನ್‌ಪಿಂಗ್ ಶಿಂಗ್ ಅವರ ಗುಂಪು 2008ರಲ್ಲಿ ತೋರಿಸಿತು. ಟಿಎನ್ಎಫ್ ಅತಿಯಾಗಿರುವ ಇಲಿಗಳಿಂದ ಸ್ಮರ್ಫ್-1 ತೆಗೆದಾಗ ಮೂಳೆ ಉಳಿಯಿತು. ಆರೋಗ್ಯವಂತ ಇಲಿಯಲ್ಲಿ ಕಾಣದ ನಂಟು ಕಾಯಿಲೆಯ ಇಲಿಯಲ್ಲಿ ಕಂಡಿತು. ಇದೇ ಗುಂಪು ಕಾಂಡಕೋಶಗಳನ್ನೇ ನೇರವಾಗಿ ನೋಡಿದಾಗ, ಟಿಎನ್ಎಫ್ ಅವುಗಳಲ್ಲಿ ಡಬ್ಲ್ಯುಡಬ್ಲ್ಯುಪಿ-1 ಅನ್ನು ಹೆಚ್ಚಿಸಿ ಜುನ್-ಬಿ ಎಂಬ ಪ್ರೋಟೀನನ್ನು ಒಡೆಸುತ್ತದೆ, ಹಾಗಾಗಿ ಅವು ಮೂಳೆಯ ದಾರಿಗೆ ಬರುವುದೇ ಕಷ್ಟವಾಗುತ್ತದೆ ಎಂದು ತಿಳಿಯಿತು. ದೀರ್ಘಕಾಲದ ಉರಿಯೂತ ಇರುವವರ ಮೂಳೆ ಸವೆಯುವುದಕ್ಕೆ ಮೂಳೆ ಕರಗಿಸುವ ಕೋಶಗಳಷ್ಟೇ ಕಾರಣವಲ್ಲ. ಕಟ್ಟಬೇಕಾದ ಕೋಶಗಳು ಹುಟ್ಟುವ ಮೊದಲೇ ಅವುಗಳ ಪ್ರೋಟೀನು ಅಳಿಯುತ್ತಿರುವುದೂ ಕಾರಣ.

ಊಟಕ್ಕೂ ಇದಕ್ಕೂ ನಂಟಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ಅವರ ಗುಂಪು 2015ರಲ್ಲಿ ಪ್ರಕಟಿಸಿದ ಕೆಲಸವನ್ನು ಈ ಕ್ಷೇತ್ರದ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ. ಮೂಳೆ ಕಟ್ಟಲಿರುವ ಕೋಶ ಗ್ಲೂಕೋಸನ್ನು ಹೀರಿಕೊಂಡಾಗ, ಶಕ್ತಿಯ ಕೊರತೆಯನ್ನು ಗ್ರಹಿಸುವ ಎಎಂಪಿಕೆ ಎಂಬ ಕಿಣ್ವ ಸುಮ್ಮನಾಗುತ್ತದೆ. ಎಎಂಪಿಕೆ ಸುಮ್ಮನಿದ್ದರೆ ಸ್ಮರ್ಫ್-1ರ ಮೂಲಕ ರಂಕ್ಸ್-2 ಒಡೆಯುವುದು ತಗ್ಗುತ್ತದೆ. ಉಳಿದುಕೊಂಡ ರಂಕ್ಸ್-2, ಗ್ಲೂಕೋಸನ್ನು ಒಳಗೆ ಬಿಡುವ ಗ್ಲೂಟ್-1 ಎಂಬ ಬಾಗಿಲ ಪ್ರೋಟೀನನ್ನು ಇನ್ನಷ್ಟು ತಯಾರಿಸುತ್ತದೆ. ಹೀಗೆ ಒಂದು ಇನ್ನೊಂದನ್ನು ಎತ್ತಿಹಿಡಿಯುತ್ತ ಕೋಶ ಮೂಳೆಯ ದಾರಿಯಲ್ಲಿ ಹಿಂದಿರುಗದಷ್ಟು ಮುಂದೆ ಹೋಗುತ್ತದೆ. ಮೂಳೆ ಕಟ್ಟುವುದೆಂದರೆ ಕೊಲಾಜನ್ ಪ್ರೋಟೀನನ್ನು ರಾಶಿರಾಶಿಯಾಗಿ ಹೊರಹಾಕುವ ದುಬಾರಿ ಕೆಲಸ. ಇಂಧನ ಇದೆಯೆಂದು ಖಾತ್ರಿಯಾಗುವ ತನಕ ಆ ಕೆಲಸವನ್ನು ಶುರುಮಾಡದಿರುವ ಏರ್ಪಾಟನ್ನು ಜೀವಿ ಪ್ರೋಟೀನಿನ ಆಯಸ್ಸಿನಲ್ಲೇ ಇಟ್ಟುಕೊಂಡಿದೆ. ಇದನ್ನು ಓದಿ ಸಕ್ಕರೆ ತಿಂದರೆ ಮೂಳೆ ಗಟ್ಟಿ ಎಂದು ಯಾರೂ ತಿಳಿಯಬಾರದು. ಮಧುಮೇಹಿಗಳಲ್ಲಿ ಮೂಳೆ ಮುರಿತದ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹಳಷ್ಟು ಇಲಿಗಳ ಲೋಕ. ಆಸ್ಪತ್ರೆಗೆ ತಲುಪಿದ ಕಥೆ ಬೀಟಾ ಕ್ಯಾಟೆನಿನ್‌ನದು. ಈ ಪ್ರೋಟೀನು ಕೋಶದಲ್ಲಿ ಸದಾ ತಯಾರಾಗುತ್ತದೆ, ಸದಾ ಒಡೆಯುತ್ತಲೂ ಇರುತ್ತದೆ. ಹೊರಗಿನಿಂದ ವಿಂಟ್ ಎಂಬ ಸಂದೇಶ ಬಂದರೆ ಮಾತ್ರ ಒಡೆಯುವ ಯಂತ್ರ ನಿಲ್ಲುತ್ತದೆ. ಆಗ ಬೀಟಾ ಕ್ಯಾಟೆನಿನ್ ಶೇಖರವಾಗಿ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಭ್ರೂಣದ ಪೂರ್ವಕೋಶಗಳಿಂದ ಅದನ್ನು ತೆಗೆದರೆ ಅವು ಮೂಳೆಯಾಗುವ ಬದಲು ಮೃದ್ವಸ್ಥಿಯಾಗುತ್ತವೆ ಎಂದು 2005ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಕಂಡುಕೊಂಡವು. ಇತ್ತ ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಮೂಳೆ ಮಿತಿಮೀರಿ ಬೆಳೆಯುವ ಸ್ಕ್ಲಿರೋಸ್ಟಿಯೋಸಿಸ್ ಎಂಬ ಅಪರೂಪದ ಕಾಯಿಲೆ ಇತ್ತು. 2001ರಲ್ಲಿ ಅದರ ಕಾರಣ ಸಿಕ್ಕಿತು: ಅವರಲ್ಲಿ ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನು ತಯಾರಾಗುವುದಿಲ್ಲ. ವಿಂಟ್ ಸಂದೇಶಕ್ಕೆ ಅಡ್ಡಗಾಲು ಹಾಕುವುದೇ ಸ್ಕ್ಲಿರೋಸ್ಟಿನ್‌ನ ಕೆಲಸ. ಅದನ್ನು ಕಟ್ಟಿಹಾಕುವ ರೊಮೊಸೊಜುಮ್ಯಾಬ್ ಎಂಬ ಚುಚ್ಚುಮದ್ದಿಗೆ 2019ರಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯದ ಎಚ್ಚರಿಕೆಯೂ ಅದರ ಜೊತೆಗಿದೆ. ಈ ಔಷಧವನ್ನು ಸಾಮಾನ್ಯವಾಗಿ ಮೂಳೆ ಕಟ್ಟುವ ಔಷಧ ಎಂದು ಬಣ್ಣಿಸುತ್ತಾರೆ. ಕೋಶದೊಳಗೆ ಇಣುಕಿದರೆ ಅದು ಕೊನೆಗೆ ಮಾಡುವುದು, ಬೀಟಾ ಕ್ಯಾಟೆನಿನ್ ಒಡೆಯದಂತೆ ಕಾಯುವ ಕೆಲಸವನ್ನೇ.

ಒಡೆಯುವ ಯಂತ್ರವನ್ನೇ ನೇರವಾಗಿ ನಿಲ್ಲಿಸಿದರೆ? 2003ರಲ್ಲಿ ಪ್ರೋಟಿಯಾಸೋಮ್ ತಡೆಯುವ ರಾಸಾಯನಿಕಗಳು ಇಲಿಗಳಲ್ಲಿ ಮೂಳೆ ಹೆಚ್ಚಿಸುತ್ತವೆ ಎಂಬ ವರದಿ ಬಂತು. ಅದೇ ವರ್ಷ ಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾಕ್ಕೆ ಬೋರ್ಟೆಜೊಮಿಬ್ ಎಂಬ ಪ್ರೋಟಿಯಾಸೋಮ್ ತಡೆ ಔಷಧ ಅಮೆರಿಕದಲ್ಲಿ ಬಳಕೆಗೆ ಬಂತು. ಮೈಲೋಮಾ ಮೂಳೆಯನ್ನು ತೂತುತೂತಾಗಿ ಕೊರೆಯುವ ಕಾಯಿಲೆ. ಬೋರ್ಟೆಜೊಮಿಬ್ ಕೆಲಸ ಮಾಡಿದ ರೋಗಿಗಳ ರಕ್ತದಲ್ಲಿ, ಮೂಳೆ ಕಟ್ಟುವ ಕೋಶಗಳು ಚುರುಕಾದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಏರುತ್ತಿರುವುದನ್ನು ವೈದ್ಯರು ಗಮನಿಸಿದರು. ಕ್ಯಾನ್ಸರ್ ಇಳಿದದ್ದರಿಂದ ಹೀಗಾಯಿತೋ, ಔಷಧವೇ ಮೂಳೆಯ ಮೇಲೆ ಕೆಲಸ ಮಾಡಿತೋ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರು ಸಿದ್ಧಾರ್ಥ ಮುಖರ್ಜಿ. ಕ್ಯಾನ್ಸರ್ ಚರಿತ್ರೆಯ ಪುಸ್ತಕದಿಂದ ನಮ್ಮ ಓದುಗರಿಗೆ ಪರಿಚಯವಿರುವ ಅದೇ ವೈದ್ಯ. ಹಾರ್ವರ್ಡ್‌ನಲ್ಲಿ ಡೇವಿಡ್ ಸ್ಕ್ಯಾಡೆನ್ ಅವರ ಪ್ರಯೋಗಾಲಯದಿಂದ 2008ರಲ್ಲಿ ಅವರು ಪ್ರಕಟಿಸಿದ ಕೆಲಸ, ಕ್ಯಾನ್ಸರ್ ಇಲ್ಲದ ಇಲಿಗಳಲ್ಲೂ ಬೋರ್ಟೆಜೊಮಿಬ್ ಕಾಂಡಕೋಶಗಳನ್ನು ಮೂಳೆಯ ದಾರಿಗೆ ತಿರುಗಿಸುತ್ತದೆ, ಅದರಲ್ಲಿ ರಂಕ್ಸ್-2ರ ಪಾತ್ರವಿದೆ, ಮೂಳೆ ಸವೆತದ ಇಲಿಗಳಲ್ಲಿ ಕಳೆದುಹೋದ ಮೂಳೆಯನ್ನು ಅದು ಮರಳಿಸುತ್ತದೆ ಎಂದು ತೋರಿಸಿತು.

ಹಾಗಾದರೆ ಮೂಳೆ ಸವೆತ ಇರುವ ಅಜ್ಜಿಗೆ ಇದನ್ನು ಯಾಕೆ ಕೊಡಬಾರದು? ಏಕೆಂದರೆ ಪ್ರೋಟಿಯಾಸೋಮ್ ಮೈಯ ಎಲ್ಲ ಕೋಶಗಳಲ್ಲೂ ಇದೆ. ಬೋರ್ಟೆಜೊಮಿಬ್ ಪಡೆಯುವ ಅನೇಕರಿಗೆ ಕೈಕಾಲುಗಳ ನರಗಳು ಹಾನಿಗೊಂಡು ಉರಿ, ಜೋಮು, ನೋವು ಕಾಡುತ್ತದೆ. ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ರಾಣಾಪಾಯದ ಕ್ಯಾನ್ಸರ್‌ನಲ್ಲಿ ಇದನ್ನು ಸಹಿಸಿಕೊಳ್ಳಬಹುದು. ವರ್ಷಾನುಗಟ್ಟಲೆ ನಡೆಯುವ ಮೂಳೆ ಸವೆತಕ್ಕೆ ಇದು ತಕ್ಕ ಔಷಧವಲ್ಲ. ರೋಚೆಸ್ಟರ್‌ನ ಗುಂಪು ಬೋರ್ಟೆಜೊಮಿಬ್ ಅನ್ನು ಮೂಳೆಗೆ ಅಂಟುವ ಬಿಸ್‌ಫಾಸ್ಫೊನೇಟ್‌ಗೆ ಜೋಡಿಸಿ, ಔಷಧ ಮೂಳೆಯಲ್ಲೇ ಇಳಿಯುವಂತೆ ಮಾಡಲು ಇಲಿಗಳಲ್ಲಿ ಪ್ರಯತ್ನಿಸಿದೆ. ನನಗೆ ಇದು ವಿವೇಕದ ದಾರಿಯಾಗಿ ಕಾಣುತ್ತದೆ.

ಇಷ್ಟು ಓದಿದ ಮೇಲೆ ಒಡೆಯುವುದೆಲ್ಲ ಕೆಟ್ಟದ್ದು ಎಂಬ ಭಾವನೆ ಬಂದಿದ್ದರೆ ಅದನ್ನು ತಿದ್ದಬೇಕು. ಎರಡನೆಯ ವ್ಯವಸ್ಥೆಯಾದ ಲೈಸೋಸೋಮ್ ತದ್ವಿರುದ್ಧ ಕಥೆ ಹೇಳುತ್ತದೆ. ಹಳೆಯ, ಕೆಟ್ಟ ಪ್ರೋಟೀನುಗಳನ್ನೂ ಸವೆದ ಮೈಟೊಕಾಂಡ್ರಿಯಾಗಳನ್ನೂ ಪೊರೆಯಲ್ಲಿ ಸುತ್ತಿ ಲೈಸೋಸೋಮ್‌ಗೆ ಕಳುಹಿಸುವ ಆಟೋಫೇಜಿ ಎಂಬ ಕ್ರಿಯೆಯನ್ನು ಬಿಡಿಸಿ ಹೇಳಿದ್ದಕ್ಕೆ ಯೊಶಿನೊರಿ ಒಸುಮಿ 2016ರ ನೊಬೆಲ್ ಪಡೆದರು. ಇಲಿಗಳ ಮೂಳೆ ಕಟ್ಟುವ ಕೋಶಗಳಲ್ಲಿ ಆಟೋಫೇಜಿಗೆ ಬೇಕಾದ ವಂಶವಾಹಿಗಳನ್ನು ತೆಗೆದರೆ ಮೂಳೆ ತೆಳುವಾಗುತ್ತದೆ. ಮುದಿ ಇಲಿಗಳ ಮಜ್ಜೆಯ ಕಾಂಡಕೋಶಗಳಲ್ಲಿ ಆಟೋಫೇಜಿ ಕುಗ್ಗಿರುತ್ತದೆ, ಅವು ಮೂಳೆಗಿಂತ ಕೊಬ್ಬಿನ ಕಡೆಗೆ ವಾಲುತ್ತವೆ. ರಾಪಮೈಸಿನ್ ಕೊಟ್ಟು ಆಟೋಫೇಜಿಯನ್ನು ಚುರುಕುಗೊಳಿಸಿದರೆ ಒಂದಿಷ್ಟು ಹಳೆಯ ಗುಣ ಮರಳುತ್ತದೆ ಎಂದು 2018ರಲ್ಲಿ ವರದಿಯಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಕಾಂಡಕೋಶ ದೀರ್ಘಕಾಲ ಬದುಕಬೇಕು, ಅದರೊಳಗೆ ಹಾಳಾದ ಪ್ರೋಟೀನು ಜಮೆಯಾಗಬಾರದು. ಮುಂದೆ ಅದು ಮೂಳೆ ಕಟ್ಟುವ ಕೋಶವಾದಾಗ ಕೊಲಾಜನ್ ಉತ್ಪಾದನೆಯ ಒತ್ತಡ ಬೀಳುತ್ತದೆ. ಸರಿಯಾಗಿ ಮಡಿಚಿಕೊಳ್ಳದ ಕೊಲಾಜನ್ ಎಳೆಗಳನ್ನು ಒಡೆದು ತೆಗೆಯಲೇಬೇಕು. ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಕಾಯಿಲೆಯ ಹಲವು ರೂಪಗಳಲ್ಲಿ, ಕೆಟ್ಟ ಕೊಲಾಜನ್ ಕೋಶದೊಳಗೇ ಸಿಕ್ಕಿಕೊಳ್ಳುವುದೂ ತೊಂದರೆಯ ಒಂದು ಭಾಗ.

ಅಂದರೆ ಮೂಳೆ ಚೆನ್ನಾಗಿ ಹುಟ್ಟಬೇಕಾದರೆ ಕಾಂಡಕೋಶದಲ್ಲಿ ಕೆಲವು ಪ್ರೋಟೀನುಗಳು ಬೇಗ ಒಡೆಯಬೇಕು, ಕೆಲವು ಒಡೆಯದೆ ಉಳಿಯಬೇಕು. ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ದಾರುಣ ಉದಾಹರಣೆಯಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದ ಥಾಲಿಡೊಮೈಡ್ ಅನ್ನು ಗರ್ಭಿಣಿಯರು ಸೇವಿಸಿದ್ದರಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಮೊಟಕು ಕೈಕಾಲುಗಳೊಂದಿಗೆ, ಇತರ ಊನಗಳೊಂದಿಗೆ ಹುಟ್ಟಿದರು. ಅದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಸೆರೆಬ್ಲಾನ್ ಒಂದು ಇ3 ಲೈಗೇಸ್‌ನ ಭಾಗ. ಥಾಲಿಡೊಮೈಡ್ ಅಂಟಿದಾಗ ಆ ಲೈಗೇಸ್, ಕೈಕಾಲು ಬೆಳೆಯಲು ಅಗತ್ಯವಾದ ಸಾಲ್-4 ಎಂಬ ಪ್ರೋಟೀನನ್ನು ಒಡೆಸುತ್ತದೆ ಎಂದು 2018ರಲ್ಲಿ ತಿಳಿಯಿತು. ಅದೇ ತತ್ತ್ವವನ್ನು ಹಿಡಿದು, ಬೇಡವಾದ ಪ್ರೋಟೀನನ್ನು ಮಾತ್ರ ಆರಿಸಿ ಒಡೆಸುವ ಪ್ರೋಟ್ಯಾಕ್ ಎಂಬ ಔಷಧಗಳನ್ನು ಈಗ ಕ್ಯಾನ್ಸರ್‌ಗಾಗಿ ರೂಪಿಸುತ್ತಿದ್ದಾರೆ. ಮೂಳೆಗೂ ಅವು ಬಂದಾವು. ಬೆಳೆಯುವ ಮಕ್ಕಳ, ಗರ್ಭಿಣಿಯರ ವಿಷಯದಲ್ಲಿ ಈ ಚರಿತ್ರೆಯನ್ನು ಅವುಗಳ ತಯಾರಕರು ಮರೆಯುವಂತಿಲ್ಲ.

ನಮ್ಮ ದೇಶದ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಮಂಡಿ ನೋವಿಗೆ, ಮೂಳೆ ಸವೆತಕ್ಕೆ ಸ್ಟೆಮ್ ಸೆಲ್ ಚುಚ್ಚುಮದ್ದು ಎಂಬ ಜಾಹೀರಾತುಗಳು ನಮ್ಮ ನಗರಗಳಲ್ಲೂ ಕಾಣಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಾಂಡಕೋಶ ಕಸಿಯಂಥ ಸ್ಥಾಪಿತ ಚಿಕಿತ್ಸೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಒಪ್ಪಿಗೆ ಪಡೆದ ಪ್ರಯೋಗದ ಚೌಕಟ್ಟಿನಲ್ಲೇ ನಡೆಯಬೇಕು. ಮೇಲೆ ಹೇಳಿದ ವಿಜ್ಞಾನ ಈ ನಿಯಮಕ್ಕೆ ಗಟ್ಟಿ ಆಧಾರ ಕೊಡುತ್ತದೆ. ಉರಿಯೂತ ತುಂಬಿದ ಕೀಲಿಗೆ ಕಾಂಡಕೋಶ ಚುಚ್ಚಿದರೆ ಅಲ್ಲಿನ ಟಿಎನ್ಎಫ್ ಅವುಗಳ ಪ್ರೋಟೀನನ್ನೂ ಒಡೆಸಬಲ್ಲದು. ಕೋಶ ತಂದು ಹಾಕಿದ ಮಾತ್ರಕ್ಕೆ ಅದು ಮೂಳೆಯಾಗುವ ಭರವಸೆ ಇಲ್ಲ.

ಮುಂದಿನ ಹೆಜ್ಜೆ ಎಲ್ಲಿ? ಹಾಂಗ್‌ಕಾಂಗ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಕೆಲಸ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ವಯಸ್ಸಾದವರ ಮೂಳೆ ಸವೆತವೆಲ್ಲ ಒಂದೇ ಬಗೆಯದಲ್ಲ ಎಂದು ಅವರು ಕಂಡರು. ಕೆಲವರಲ್ಲಿ ಬಿಎಂಪಿ-2 ಎಂಬ ಪ್ರೇರಕವೇ ಕಡಿಮೆ. ಇನ್ನು ಕೆಲವರಲ್ಲಿ ಅದು ಸಾಕಷ್ಟಿದ್ದರೂ ಸ್ಮರ್ಫ್-1 ಏರಿರುವುದರಿಂದ ಸಂದೇಶ ಕೋಶದೊಳಗೆ ಅಳಿದುಹೋಗುತ್ತದೆ. ಎರಡನೆಯ ಗುಂಪನ್ನು ಹೋಲುವ ಇಲಿಗಳಲ್ಲಿ ಸ್ಮರ್ಫ್-1 ತಡೆದರೆ ಸಾಕಾಯಿತು. ರೋಗಿಯ ಮೂಳೆಯಲ್ಲಿ ಯಾವ ಲೈಗೇಸ್ ಏರಿದೆ ಎಂದು ನೋಡಿ ಔಷಧ ಆರಿಸುವ ಸಾಧ್ಯತೆ ಇಲ್ಲಿದೆ.

ಮನುಷ್ಯರಲ್ಲಿ ಇದರ ಮೊದಲ ಉಪಯೋಗ ಇಡೀ ಮೈಗೆ ಕೊಡುವ ಮಾತ್ರೆಯಾಗಿ ಬರಲಾರದು, ಕೂಡಿಕೊಳ್ಳದ ಮುರಿತದ ಜಾಗದಲ್ಲಿ ಇಡುವ ಔಷಧವಾಗಿ ಬರಬಹುದು ಎಂದು ನನ್ನ ಅಂದಾಜು. ಅದಕ್ಕೆ ಕಾರಣ ಬಿಎಂಪಿ-2ರ ಅನುಭವ. ಬೆನ್ನುಮೂಳೆ ಜೋಡಿಸುವ ಶಸ್ತ್ರಚಿಕಿತ್ಸೆಗೆ 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅದನ್ನು ಕೊಲಾಜನ್ ಸ್ಪಂಜಿನಲ್ಲಿ ನೆನೆಸಿ ಇಡುತ್ತಾರೆ. ಮೈಯಲ್ಲಿ ಸಹಜವಾಗಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಮಿಲಿಗ್ರಾಂ ಲೆಕ್ಕದಲ್ಲಿ ಸುರಿಯಬೇಕಾಗುತ್ತದೆ. ಕುತ್ತಿಗೆಯ ಭಾಗದಲ್ಲಿ ಬಳಸಿದಾಗ ಊತದಿಂದ ಉಸಿರಿಗೆ ತೊಂದರೆಯಾದ ಪ್ರಕರಣಗಳ ಮೇಲೆ ಅಲ್ಲಿನ ಔಷಧ ಆಡಳಿತ 2008ರಲ್ಲಿ ಎಚ್ಚರಿಕೆ ಹೊರಡಿಸಿತು. ಸಂದೇಶ ಒಳಗೆ ಒಡೆದುಹೋಗುವುದನ್ನು ಅದೇ ಸ್ಪಂಜಿನಲ್ಲಿ ಬೆರೆಸಿದ ಸ್ಮರ್ಫ್-1 ತಡೆಕಾರಕ ತಗ್ಗಿಸಿದರೆ, ಬಿಎಂಪಿ-2ರ ಪ್ರಮಾಣವನ್ನು ಬಹಳ ಇಳಿಸಬಹುದು. ಔಷಧ ಆ ಜಾಗದಲ್ಲೇ ಉಳಿಯುತ್ತದೆ, ಕೆಲವೇ ವಾರಗಳ ಕೆಲಸ, ಫಲ ಎಕ್ಸ್-ರೇಯಲ್ಲಿ ಕಾಣುತ್ತದೆ. ಪ್ರೋಟೀನಿನ ಆಯಸ್ಸು ಹೆಚ್ಚಿಸಿ ಮೂಳೆ ಬೆಳೆಸಬಹುದೇ ಎಂಬ ಪ್ರಶ್ನೆಯನ್ನು ಮನುಷ್ಯರಲ್ಲಿ ಕೇಳಲು ಇದಕ್ಕಿಂತ ಸುರಕ್ಷಿತ ಜಾಗ ಸದ್ಯಕ್ಕೆ ನನಗೆ ಕಾಣುತ್ತಿಲ್ಲ.